ಆಟದ ಡಿಸ್ಕೂ ಅದರ ನಕಲೂ

ತಿಪಟೂರು ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವು ಕೊಬ್ಬರಿಗೆ ಮೀಸಲಾದ ಸ್ಥಳ. ಬಲಿತ ಕಾಯಿಗಳನ್ನು ಸಿಪ್ಪೆ ಸುಲಿಯದೆ ಅಲ್ಲಿ ಹತ್ತು ಹನ್ನೊಂದು ತಿಂಗಳು ಕೂಡಿಡುವರು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ, ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಉಂಡೆ ಕೊಬ್ಬರಿಯು ಲೊಡಲೊಡನೆ ಸದ್ದುಮಾಡುವುದು. ಕೊಬ್ಬರಿಯ ಜೊತೆಗೆ, ಸದ್ಯಕ್ಕೆ ಬೇಡವಾದ ಆದರೆ ಎಸೆಯಲು ಮನಸ್ಸು ಬಾರದ ವಸ್ತುಗಳೆಲ್ಲವೂ ಅಟ್ಟವನ್ನೇ ಸೇರುವುದು ವಾಡಿಕೆ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಇಂತಹ ಅಟ್ಟದಿಂದ ಇಳಿಸಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಪ್ರಯೋಗಶಾಲೆಗೆ ತಂದನು. ಅದರಲ್ಲಿ ಪ್ಲೇಸ್ಟೇಷನ್ ೨ ಎಂಬ ಆಟದ ಯಂತ್ರವೂ ಮೂರು ಡಿಸ್ಕುಗಳೂ ಇದ್ದುವು. ಅವನ ಅಣ್ಣನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಊಟದ ಹಣವನ್ನು ಉಳಿಸಿ ಕೊಂಡುಕೊಂಡವು ಅವು. ಯಂತ್ರಕ್ಕೆ ಆಗಲೇ ಯಾರಿಂದಲೋ ‘ಚಿಪ್ಪು ಹಾಕಿಸಿ’ ಆಗಿತ್ತು. ಮೂರರಲ್ಲಿ ಎರಡು ಡಿಸ್ಕುಗಳು ಸುತರಾಂ ನಡೆಯುತ್ತಿರಲಿಲ್ಲ. ಮೂರನೆಯದಾದ ಒಂದು ಕ್ರಿಕೆಟ್ ಆಟವು ಒಮ್ಮೆ ನಡೆದರೆ ಮೂರು ಸಲ ಮುಷ್ಕರ ಹೂಡುತ್ತಿತ್ತು.

“ಸಾರ್, ಇದು ಪೂರ್ತಿ ಕೆಟ್ಟುಹೋಗುವುದಕ್ಕೆ ಮುಂಚೆ ಒಳಗಿರುವುದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಅಲ್ಲಿಂದಲೇ ಆಡಬಹುದೇ?” ಎಂದು ಅವನು ಕೇಳಿದನು.

ಪ್ರಶ್ನೆ ಚಿಕ್ಕದು, ‘ಆಗಬಹುದು’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದಾಗಿತ್ತು. ಆದರೆ ಆ ‘ಆಗಬಹುದು’ ಎಂಬುದರ ಹಿಂದೆ ಬೆಳಕಿನ ಅಲೆಯ ಗುಣವೂ, ಗಣಿತದ ಒಂದು ಸೊಗಸಾದ ಯುಕ್ತಿಯೂ, ಒಂದು ವಿಚಿತ್ರವಾದ ಬೀಗವೂ, ಕೊನೆಗೆ ನಮ್ಮ ದೇಶದ ಕಾನೂನೂ ಅಡಗಿವೆ. ಆಟವೆಂದರೆ ಮೂಗು ಮುರಿಯುವ ಹಿರಿಯರು ಈ ಲೇಖನವನ್ನು ಓದದೆ ಬಿಡಬೇಕಾಗಿಲ್ಲ, ಮದುವೆಯ ಸಿ.ಡಿ.ಗೂ ಸಂಗೀತದ ಸಿ.ಡಿ.ಗೂ ಇದರಲ್ಲಿ ಬಹುಭಾಗ ಅನ್ವಯಿಸುವುದು.

ಮೊದಲು ಡಿಸ್ಕಿನ ರಚನೆಯನ್ನು ವಿಚಾರಿಸೋಣ. ಒರಳಿನಿಂದ ಒತ್ತಿದ ಚಕ್ಕುಲಿಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ನಡುವಿನಿಂದ ಹೊರಟ ಒಂದೇ ಎಳೆಯು ಸುತ್ತಿ ಸುತ್ತಿ ಅಂಚನ್ನು ಮುಟ್ಟುವುದು. ಡಿಸ್ಕಿನ ಮೇಲಿರುವ ಬರಹವೂ ಹೀಗೆಯೇ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿ. ೧೯೮೨ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಒಂದು ಸುತ್ತಿಗೂ ಅದರ ಪಕ್ಕದ ಸುತ್ತಿಗೂ ಇರುವ ಅಂತರ ೧.೬ ಮೈಕ್ರೋಮೀಟರ್, ಆಮೇಲೆ ಬಂದ ಡಿ.ವಿ.ಡಿ.ಯಲ್ಲಿ ೦.೭೪ ಮೈಕ್ರೋಮೀಟರ್ ಮಾತ್ರ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲೊಂದನ್ನು ಡಿ.ವಿ.ಡಿ.ಯ ಮೇಲೆ ಅಡ್ಡವಾಗಿ ಇಟ್ಟರೆ ಅದರ ದಪ್ಪದ ಅಡಿಯಲ್ಲಿ ಹೆಚ್ಚುಕಡಮೆ ತೊಂಬತ್ತು ಸುತ್ತುಗಳು ಮರೆಯಾಗುವುವು! ಬರಹವಿರುವ ಭಾಗದ ವಿಸ್ತೀರ್ಣವನ್ನು ಈ ಅಂತರದಿಂದ ಭಾಗಿಸಿದರೆ ಸುರುಳಿಯ ಉದ್ದ ದೊರೆಯುವುದು. ಒಳತ್ರಿಜ್ಯ ೨೪ ಮಿಲಿಮೀಟರ್, ಹೊರತ್ರಿಜ್ಯ ೫೮ ಮಿಲಿಮೀಟರ್ ಎಂದಿಟ್ಟುಕೊಂಡು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು; ಡಿ.ವಿ.ಡಿ.ಗೆ ಸುಮಾರು ೧೨ ಕಿಲೋಮೀಟರ್ ಬರುವುದು. ಅಂಗೈ ಅಗಲದ ಬಿಲ್ಲೆಯಲ್ಲಿರುವ ಈ ಹಾದಿಯನ್ನು ಬಿಡಿಸಿ ನೇರವಾಗಿ ಹಾಸಿದರೆ, ಅದರ ಗುಂಟ ನಡೆಯುವವನಿಗೆ ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿದೀತು.

ಈ ಹಾದಿಯುದ್ದಕ್ಕೂ ಚಿಕ್ಕ ಚಿಕ್ಕ ಗುಳಿಗಳಿರುವುವು. ಡಿ.ವಿ.ಡಿ.ಯಲ್ಲಿ ಅತಿ ಚಿಕ್ಕ ಗುಳಿಯ ಉದ್ದ ೦.೪ ಮೈಕ್ರೋಮೀಟರ್. ಅದರ ಆಳವಾದರೋ ಇನ್ನೂ ಸ್ವಾರಸ್ಯವಾದದ್ದು. ಓದಲು ಬಳಸುವ ಕೆಂಪು ಲೇಸರ್ ಕಿರಣದ ತರಂಗಾಂತರ ಗಾಳಿಯಲ್ಲಿ ೬೫೦ ನ್ಯಾನೋಮೀಟರ್. ಡಿಸ್ಕಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ವಕ್ರೀಭವನಾಂಕ ಸುಮಾರು ೧.೫೫ ಆದುದರಿಂದ, ಅದರೊಳಗೆ ತರಂಗಾಂತರವು ಸುಮಾರು ೪೨೦ ನ್ಯಾನೋಮೀಟರಿಗೆ ಇಳಿಯುವುದು. ಗುಳಿಯ ಆಳವನ್ನು ಹೆಚ್ಚುಕಡಮೆ ಇದರ ಕಾಲುಭಾಗಕ್ಕೆ, ಎಂದರೆ ನೂರು ನ್ಯಾನೋಮೀಟರಿನ ಆಸುಪಾಸಿಗೆ, ಹೊಂದಿಸಿರುವರು. ಇದಕ್ಕೆ ಕಾರಣವೇನು? ಗುಳಿಯೊಳಕ್ಕೆ ಹೋಗಿ ಬರುವ ಬೆಳಕು, ಪಕ್ಕದ ಸಮತಲದಿಂದ ಹಿಂದಿರುಗುವ ಬೆಳಕಿಗೆ ಹೋಲಿಸಿದರೆ, ಹೋಗುತ್ತ ಕಾಲು ಅಲೆ, ಬರುತ್ತ ಕಾಲು ಅಲೆ, ಒಟ್ಟು ಅರ್ಧ ಅಲೆಯಷ್ಟು ಹಿಂದೆ ಬೀಳುವುದು. ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಎರಡೂ ಒಂದನ್ನೊಂದು ಅಡಗಿಸುವುವು. ಪ್ರಕಾಶಗ್ರಾಹಿಗೆ ಆ ಕ್ಷಣದಲ್ಲಿ ಬೆಳಕು ಮಂಕಾಗಿ ಕಾಣುವುದು. ಪಠ್ಯಪುಸ್ತಕದಲ್ಲಿ ನೀರಸವಾಗಿ ತೋರುವ ‘ವ್ಯತಿಕರಣ’ ಎಂಬ ಅಧ್ಯಾಯವೇ ಇಲ್ಲಿ ಹೊಟ್ಟೆಪಾಡಿಗೆ ದುಡಿಯುತ್ತಿದೆ.

ಗುಳಿ ಎಂದರೆ ಸೊನ್ನೆ, ಸಮತಲವೆಂದರೆ ಒಂದು ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುವುದುಂಟು. ಇದು ತಪ್ಪು. ಗುಳಿಯ ಅಂಚು, ಎಂದರೆ ಬೆಳಕು ಬದಲಾಗುವ ಸ್ಥಳವೇ, ಒಂದು. ಬದಲಾವಣೆಯಿಲ್ಲದೆ ಸಾಗುವ ಉದ್ದವೆಲ್ಲ ಸೊನ್ನೆಗಳ ಸಾಲು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಕಳೆದುಕೊಂಡವರು ನಮ್ಮನ್ನು ದೂರಬಾರದು.

ಇಷ್ಟು ಸೂಕ್ಷ್ಮವಾದ ಬರಹವಿರುವ ಡಿಸ್ಕಿನ ಮೇಲೆ ಬೆರಳಿನ ಜಿಡ್ಡು, ಧೂಳು, ಗೀರು ಎಲ್ಲವೂ ಬೀಳುವುವು. ಆದರೂ ಅದು ನಡೆಯುತ್ತಿರುವುದೇ ಆಶ್ಚರ್ಯ. ಇದಕ್ಕೆ ಎರಡು ರಕ್ಷಣೆಗಳಿವೆ. ಮೊದಲನೆಯದು, ಬರಹವು ಮೇಲ್ಮೈಯಲ್ಲಿಲ್ಲ. ಡಿ.ವಿ.ಡಿ.ಯಲ್ಲಿ ೦.೬ ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಅಂಟಿಸಿ ಅವುಗಳ ನಡುವೆ ಬರಹವನ್ನಿಟ್ಟಿರುವರು. ಕಿರಣವು ಮೇಲ್ಮೈಯನ್ನು ಪ್ರವೇಶಿಸುವಾಗ ಅರ್ಧ ಮಿಲಿಮೀಟರಿನಷ್ಟು ಅಗಲವಾಗಿದ್ದು, ಬರಹವನ್ನು ಮುಟ್ಟುವ ಹೊತ್ತಿಗೆ ಒಂದು ಮೈಕ್ರೋಮೀಟರಿನಷ್ಟಕ್ಕೆ ಕುಗ್ಗುವುದು. ಆದುದರಿಂದ ಮೇಲಿನ ಧೂಳಿನ ಕಣವು, ಕನ್ನಡಕಕ್ಕೆ ಹತ್ತಿದ ಚುಕ್ಕೆಯಂತೆ, ದೃಷ್ಟಿಯನ್ನು ಸ್ವಲ್ಪ ಮಬ್ಬಾಗಿಸುವುದೇ ಹೊರತು ಮರೆಮಾಡುವುದಿಲ್ಲ. ಸಿ.ಡಿ.ಯಲ್ಲಿ ಮಾತ್ರ ಬರಹದ ಪದರವು ಹೆಸರು ಮುದ್ರಿಸಿದ ಬದಿಗೇ ಅಂಟಿಕೊಂಡಿರುವುದು. ಅಲ್ಲಿ ಬಿದ್ದ ಗೀರು, ನಾವು ಎಚ್ಚರವಹಿಸುವ ಹೊಳೆಯುವ ಬದಿಯ ಗೀರಿಗಿಂತ ಹೆಚ್ಚು ಅಪಾಯಕರ. ಹೆಸರಿನ ಬದಿಯಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆಯುವವರು ಇದನ್ನು ಗಮನಿಸಬೇಕು.

ಎರಡನೆಯ ರಕ್ಷಣೆ ಗಣಿತದ್ದು. ೧೯೬೦ರಲ್ಲಿ ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬವರು ಪ್ರಕಟಿಸಿದ ಉಪಾಯವಿದು. ಇದರ ಹುರುಳನ್ನು ಪ್ರೌಢಶಾಲೆಯ ರೇಖಾಗಣಿತದಿಂದಲೇ ತಿಳಿಯಬಹುದು. ನಾವು ೩ ಮತ್ತು ೫ ಎಂಬ ಎರಡು ಸಂಖ್ಯೆಗಳನ್ನು ಕಳುಹಿಸಬೇಕಾಗಿದೆಯೆನ್ನೋಣ. ಗ್ರಾಫ್ ಕಾಗದದ ಮೇಲೆ ಮೊದಲನೆಯ ಗೆರೆಯಲ್ಲಿ ೩ರ ಎತ್ತರಕ್ಕೂ ಎರಡನೆಯ ಗೆರೆಯಲ್ಲಿ ೫ರ ಎತ್ತರಕ್ಕೂ ಚುಕ್ಕೆಯಿಟ್ಟು ಅವುಗಳ ಮೂಲಕ ಸರಳರೇಖೆಯನ್ನು ಎಳೆದರೆ, ಅದು ಮೂರನೆಯ ಗೆರೆಯನ್ನು ೭ರಲ್ಲಿಯೂ ನಾಲ್ಕನೆಯ ಗೆರೆಯನ್ನು ೯ರಲ್ಲಿಯೂ ದಾಟುವುದು. ನಾವು ೩, ೫, ೭, ೯ ಎಂಬ ನಾಲ್ಕನ್ನೂ ಕಳುಹಿಸುವೆವು. ದಾರಿಯಲ್ಲಿ ಯಾವ ಎರಡು ಅಳಿಸಿಹೋದರೂ ಉಳಿದೆರಡರಿಂದ ಅದೇ ರೇಖೆಯನ್ನು ಎಳೆದು ಕಳೆದುದನ್ನು ಪಡೆಯಬಹುದು. ಒಂದು ಅಳಿಸಿಹೋಗದೆ ತಪ್ಪಾಗಿ ಬಂದರೆ, ಮೂರು ಒಂದೇ ರೇಖೆಯ ಮೇಲಿದ್ದು ನಾಲ್ಕನೆಯದು ಬದಿಗೆ ನಿಲ್ಲುವುದರಿಂದ ಕಳ್ಳನಾರೆಂಬುದು ಗೊತ್ತಾಗುವುದು. ನಿಜವಾದ ವಿಧಾನದಲ್ಲಿ ಸರಳರೇಖೆಗೆ ಬದಲಾಗಿ ಹೆಚ್ಚಿನ ಘಾತದ ವಕ್ರರೇಖೆಗಳನ್ನು ಬಳಸುವರು, ತತ್ತ್ವ ಇದೇ. ಡಿ.ವಿ.ಡಿ.ಯಲ್ಲಿ ಮಾಹಿತಿಯನ್ನು ೧೯೨ ಸಾಲು, ೧೭೨ ಅಂಕಣಗಳ ಕೋಷ್ಟಕಗಳಾಗಿ ಜೋಡಿಸಿ, ಪ್ರತಿ ಸಾಲಿಗೆ ೧೦ ಬೈಟುಗಳನ್ನೂ ಪ್ರತಿ ಅಂಕಣಕ್ಕೆ ೧೬ ಬೈಟುಗಳನ್ನೂ ಹೀಗೆ ಮೇಲುಗೊಸರಾಗಿ ಸೇರಿಸಿರುವರು. ಸಾಲಿನಲ್ಲಿ ಸರಿಹೋಗದ ತಪ್ಪು ಅಂಕಣದಲ್ಲಿ ಸರಿಹೋಗುವುದು. ಯುರೇನಸ್, ನೆಪ್ಚೂನ್ ಗ್ರಹಗಳ ಚಿತ್ರಗಳನ್ನು ವಾಯೇಜರ್ ೨ ನೌಕೆಯು ಭೂಮಿಗೆ ಕಳುಹಿಸಿದಾಗಲೂ ರೀಡ್ ಮತ್ತು ಸಾಲೊಮನ್ನರ ಉಪಾಯವೇ ನೆರವಿಗೆ ಬಂದಿತು.

ಈ ರಕ್ಷಣೆಯಿಂದ ಒಂದು ವಿಲಕ್ಷಣ ಪರಿಣಾಮವುಂಟು. ಗ್ರಾಮಫೋನ್ ತಟ್ಟೆ ಸವೆದಂತೆ ಕರಕರ ಸದ್ದು ಸ್ವಲ್ಪಸ್ವಲ್ಪವಾಗಿ ಹೆಚ್ಚಿ ಒಡೆಯನನ್ನು ಎಚ್ಚರಿಸುವುದು. ಡಿಸ್ಕಾದರೋ ತಪ್ಪುಗಳನ್ನೆಲ್ಲ ಒಳಗೊಳಗೇ ತಿದ್ದಿಕೊಂಡು ಕೊನೆಯವರೆಗೂ ನಿರ್ದೋಷಿಯಂತೆ ನಟಿಸಿ, ತಿದ್ದುವ ಶಕ್ತಿ ಮೀರಿದ ದಿನ ಒಮ್ಮೆಗೇ ಕುಸಿಯುವುದು. ನಮ್ಮ ವಿದ್ಯಾರ್ಥಿಯ ಕ್ರಿಕೆಟ್ ಡಿಸ್ಕು ಆ ಅಂಚಿನಲ್ಲಿ ನಿಂತಿತ್ತು. ನಕಲು ಮಾಡುವುದಾದರೆ ಇಂದು ಮಾಡಬೇಕು; ಮುಂದಿನ ಬೇಸಗೆಯನ್ನು ಅದು ಕಾಣುವುದೋ ಇಲ್ಲವೋ ಹೇಳಲಾಗದು.

ಉಳಿದೆರಡು ಡಿಸ್ಕುಗಳು ಏಕೆ ಮೊದಲೇ ಸತ್ತುವು? ಅವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಉತ್ತರ ಕಂಡಿತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಈ ಯಂತ್ರದ ಡಿ.ವಿ.ಡಿ.ಗಳ ತಳ ಬೆಳ್ಳಿಯ ಬಣ್ಣದ್ದು, ಸಿ.ಡಿ.ಯಾಗಿ ಬಂದ ಆಟಗಳ ತಳ ನೀಲಿ. ಈ ಎರಡರ ತಳವೋ ನೇರಳೆ ಛಾಯೆಯದು. ಅವು ಅಂಗಡಿಯಲ್ಲಿ ‘ಬರ್ನ್’ ಮಾಡಿದ ಡಿಸ್ಕುಗಳು. ಇವುಗಳಲ್ಲಿ ಗುಳಿಗಳೇ ಇಲ್ಲ. ಒಂದು ಬಗೆಯ ಬಣ್ಣದ ಪದರವನ್ನು ಲೇಸರಿನಿಂದ ಕಂದಿಸಿ ಗುಳಿಯಂತೆ ತೋರುವ ಕಲೆಗಳನ್ನು ಮಾಡಿರುವರು. ಸೀರೆಯ ಬಣ್ಣ ಬಿಸಿಲಿಗೆ ಮಾಸುವಂತೆ ಈ ಬಣ್ಣವೂ ಶಾಖಕ್ಕೂ ಬೆಳಕಿಗೂ ಮಾಸುವುದು. ಹೆಂಚಿನ ಅಡಿಯ ಅಟ್ಟದ ಏಪ್ರಿಲ್ ತಿಂಗಳ ಕಾವು ಕೊಬ್ಬರಿಗೆ ಹಿತವಾಗಬಹುದು, ಇವಕ್ಕಲ್ಲ. ಅಚ್ಚೊತ್ತಿದ ಡಿಸ್ಕು ಶಾಶ್ವತವೆಂದೇನೂ ಅಲ್ಲ. ತೇವ ನುಸುಳಿದರೆ ಒಳಗಿನ ಅಲ್ಯುಮಿನಿಯಂ ಪದರವು ಆಕ್ಸೈಡಾಗಿ ತನ್ನ ಹೊಳಪನ್ನು ಕಳೆದುಕೊಳ್ಳುವುದು. ಮಧ್ಯ ಅಮೆರಿಕದ ಬೆಲೀಜ್ ದೇಶದ ಸೆಕೆಯಲ್ಲಿ ಸಿ.ಡಿ.ಯ ಪದರಗಳನ್ನು ತಿಂದು ಬದುಕುವ ಶಿಲೀಂಧ್ರವೊಂದು ಕಂಡುಬಂದುದನ್ನು ಸ್ಪೇನಿನ ವಿಜ್ಞಾನಿಗಳು ೨೦೦೧ರಲ್ಲಿ ವರದಿ ಮಾಡಿದರು.

ಈಗ ನಕಲಿನ ಮಾತು. ಕ್ರಿಕೆಟ್ ಡಿಸ್ಕನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆವು. ಗುಂಡಗೆ ಒರೆಸುವುದು ಸ್ವಾಭಾವಿಕವೆನಿಸಿದರೂ ಹಾಗೆ ಮಾಡಬಾರದು. ಅಡ್ಡಗೀರು ಪ್ರತಿ ಸುತ್ತಿನಲ್ಲಿ ತುಸುವೇ ಬರಹವನ್ನು ಕೆಡಿಸುವುದು, ಅದನ್ನು ಗಣಿತವು ತಿದ್ದಬಲ್ಲದು. ಸುತ್ತಿನ ಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೂ ಅಳಿಸುವುದರಿಂದ ತಿದ್ದುಪಡಿಗೆ ನಿಲುಕದು. ಆಮೇಲೆ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರಿನ ಡ್ರೈವಿನಲ್ಲಿಟ್ಟು ಓದಿಸಿದೆವು. ಡಿಸ್ಕಿನಲ್ಲಿ ಮಾಹಿತಿಯು ೨,೦೪೮ ಬೈಟುಗಳ ತುಂಡುಗಳಾಗಿರುವುದು. ತುಂಬಿದ ಒಂದು ಡಿ.ವಿ.ಡಿ.ಯಲ್ಲಿ ಸುಮಾರು ೨೩ ಲಕ್ಷ ತುಂಡುಗಳು. ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಿ ಒಂದೇ ದೊಡ್ಡ ಕಡತವಾಗಿ ಬರೆದಿಟ್ಟರೆ ಅದೇ ಡಿಸ್ಕಿನ ಪಡಿಯಚ್ಚು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡನ್ನು ಇಳಿಸಿದಾಗ ಪ್ರತಿ ತಲೆಮಾರಿಗೂ ಸದ್ದು ಮಂಕಾಗುತ್ತಿದ್ದುದು ಹಿರಿಯರ ನೆನಪಿನಲ್ಲಿರಬಹುದು. ಸಂಖ್ಯೆಗಳಿಗೆ ಆ ಮುಪ್ಪಿಲ್ಲ. ನೂರನೆಯ ನಕಲೂ ಮೊದಲನೆಯದರಂತೆಯೇ ಇರುವುದು, ಸರಿಯಾಗಿ ಓದಿದ್ದರೆ.

ಸರಿಯಾಗಿ ಓದಿದೆಯೆಂದು ತಿಳಿಯುವುದು ಹೇಗೆ? ಗುಣಾಕಾರದ ಲೆಕ್ಕವನ್ನು ಒಂಬತ್ತರಿಂದ ತಾಳೆ ನೋಡುವ ಹಳೆಯ ಪದ್ಧತಿ ನಮ್ಮ ಅಜ್ಜಂದಿರಿಗೆ ತಿಳಿದಿತ್ತು. ಅಂಕಿಗಳನ್ನೆಲ್ಲ ಕೂಡಿ ಒಂದೇ ಅಂಕಿಗೆ ಇಳಿಸಿ ಎರಡು ಕಡೆಯೂ ಹೊಂದುವುದೇ ಎಂದು ನೋಡುವುದು. ಕಂಪ್ಯೂಟರು ಕೂಡ ಇಡೀ ಕಡತವನ್ನು ಅರೆದು ಒಂದು ತಾಳೆಸಂಖ್ಯೆಯನ್ನು ಕೊಡಬಲ್ಲದು. ಎಂ.ಡಿ. ೫ ಎಂಬ ಕ್ರಮದಲ್ಲಿ ಅದು ೩೨ ಅಕ್ಷರಗಳಷ್ಟಿರುವುದು. ೩೪ರ ಮುಂದೆ ೩೭ ಸೊನ್ನೆಗಳನ್ನಿಟ್ಟರೆ ಬರುವಷ್ಟು ಬೇರೆ ಬೇರೆ ತಾಳೆಸಂಖ್ಯೆಗಳು ಸಾಧ್ಯವಾದುದರಿಂದ, ಎರಡು ಓದುಗಳ ತಾಳೆಸಂಖ್ಯೆ ಆಕಸ್ಮಿಕವಾಗಿ ಒಂದೇ ಆಗುವ ಭಯವಿಲ್ಲ. ಬೇಕೆಂದೇ ವಂಚಿಸಬಲ್ಲವರ ಮುಂದೆ ಈ ಕ್ರಮ ಸೋತಿದೆ. ಧೂಳಿಗೆ ಅಷ್ಟು ಕುಯುಕ್ತಿ ತಿಳಿಯದು. ನಮ್ಮ ಮೊದಲನೆಯ ಮತ್ತು ಎರಡನೆಯ ಓದುಗಳ ತಾಳೆಸಂಖ್ಯೆಗಳು ಹೊಂದಲಿಲ್ಲ. ಹುಡುಕಿ ನೋಡಿದಾಗ, ಮೊದಲ ಸಲ ಓದಲಾಗದ ಕೆಲವು ತುಂಡುಗಳ ಜಾಗದಲ್ಲಿ ತಂತ್ರಾಂಶವು ಸದ್ದಿಲ್ಲದೆ ಸೊನ್ನೆಗಳನ್ನು ತುಂಬಿ ಮುಂದೆ ಸಾಗಿದ್ದುದು ಗೊತ್ತಾಯಿತು. ಇಂತಹ ನಕಲು ಆಟವನ್ನು ಆರಂಭಿಸೀತು, ಎಲ್ಲಿಯೋ ನಡುವೆ ಕೈಕೊಟ್ಟೀತು. ಇನ್ನೊಂದು ಡ್ರೈವಿನಲ್ಲಿ ನಿಧಾನವಾದ ವೇಗದಲ್ಲಿ ಓದಿಸಿದ ಮೂರನೆಯ ಓದು ಎರಡನೆಯದಕ್ಕೆ ಅಕ್ಷರ ಅಕ್ಷರವೂ ಹೊಂದಿತು. ಅಂದು ಸಂಜೆ ಪ್ರಯೋಗಶಾಲೆಯಲ್ಲಿ ಉಂಟಾದ ಸಂತೋಷ ಸಣ್ಣದಲ್ಲ.

ನಕಲು ಕೈಗೆ ಬಂದಿತು. ಇದನ್ನು ಹೊಸ ಖಾಲಿ ಡಿಸ್ಕಿಗೆ ಬರೆದು, ಯಾವ ಮಾರ್ಪಾಡೂ ಇಲ್ಲದ ಯಂತ್ರದಲ್ಲಿಟ್ಟರೆ ಯಂತ್ರವು ಅದನ್ನು ತಿರಸ್ಕರಿಸುವುದು! ಒಂದು ಅಂಕಿಯೂ ವ್ಯತ್ಯಾಸವಿಲ್ಲವೆಂದು ತಾಳೆಸಂಖ್ಯೆ ಸಾರುತ್ತಿರುವಾಗ ಯಂತ್ರಕ್ಕೆ ಭೇದ ಹೇಗೆ ತಿಳಿಯಿತು? ನಮ್ಮ ಲೇಖನದ ತಿರುಳು ಇಲ್ಲಿಯೇ ಇದೆ.

ಸ್ಟಾಂಪ್ ಕಾಗದದ ಮೇಲೆ ಬರೆದ ಕ್ರಯಪತ್ರವೊಂದನ್ನು ಜೆರಾಕ್ಸ್ ಮಾಡಿಸಿದರೆ ಅಕ್ಷರಗಳೆಲ್ಲವೂ ಬರುವುವು; ಕಾಗದದ ಮೈಯಲ್ಲಿರುವ ನೀರಚ್ಚು ಮಾತ್ರ ಬಾರದು. ಏಕೆಂದರೆ ಅದು ಬರಹದ ಭಾಗವಲ್ಲ, ಕಾಗದದ ಭಾಗ. ೧೯೯೪ರಲ್ಲಿ ಬಂದ ಮೊದಲನೆಯ ಪ್ಲೇಸ್ಟೇಷನ್ನಿನ ಡಿಸ್ಕುಗಳಲ್ಲಿ ಇಂತಹುದೇ ಒಂದು ನೀರಚ್ಚು ಇತ್ತು. ಸುರುಳಿಯ ಆರಂಭದ ಭಾಗವನ್ನು ನೇರವಾಗಿ ಕೊರೆಯದೆ, ಕಣ್ಣಿಗೆ ಕಾಣದಷ್ಟು ಅತ್ತಿತ್ತ ಬಳುಕುವಂತೆ ಕೊರೆದಿದ್ದರು. ಆ ಬಳುಕಿನ ಲಯದಲ್ಲಿಯೇ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹುದುಗಿಸಿದ್ದರು. ಜಪಾನಿಗೆ ‘ಎಸ್‌ಸಿಇಐ’, ಅಮೆರಿಕಕ್ಕೆ ‘ಎಸ್‌ಸಿಇಎ’, ಯುರೋಪಿಗೆ ‘ಎಸ್‌ಸಿಇಇ’. ಡ್ರೈವಿನ ಮಸೂರವು ಹಾದಿಯನ್ನು ಬಿಡದೆ ಹಿಂಬಾಲಿಸುವ ಸಲುವಾಗಿ ಕ್ಷಣಕ್ಷಣಕ್ಕೂ ಎಡಬಲಕ್ಕೆ ತುಯ್ಯುತ್ತಿರುವುದು. ಸಾಮಾನ್ಯ ಡ್ರೈವು ಈ ತುಯ್ದಾಟವನ್ನು ತನ್ನ ಒಳಗಿನ ಕೆಲಸವೆಂದು ಮರೆತುಬಿಡುವುದು; ಆಟದ ಯಂತ್ರವು ಅದನ್ನೇ ಓದಿ ಮುದ್ರೆಯನ್ನು ಪರೀಕ್ಷಿಸುವುದು. ಖಾಲಿ ಡಿಸ್ಕುಗಳಲ್ಲಿಯಾದರೋ ಹಾದಿಯನ್ನು ತಯಾರಕರು ಮೊದಲೇ ಕೊರೆದು ಅದಕ್ಕೆ ತಮ್ಮದೇ ಬಳುಕನ್ನು ಕೊಟ್ಟಿರುವುದರಿಂದ, ಬರೆಯುವ ಯಂತ್ರವು ಎಷ್ಟು ಹೆಣಗಿದರೂ ಆ ಹಾದಿಯನ್ನು ಬದಲಿಸಲಾರದು. ೨೦೦೦ದ ಮಾರ್ಚಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ, ಜಗತ್ತಿನಲ್ಲಿ ೧೫ ಕೋಟಿಗೂ ಮೀರಿ ಮಾರಾಟವಾದ ಪ್ಲೇಸ್ಟೇಷನ್ ೨ರಲ್ಲಿ ವಿವರಗಳು ಬೇರೆಯಾದರೂ ತತ್ತ್ವ ಅದೇ. ಬೀಗವು ಸಂಖ್ಯೆಗಳಲ್ಲಿಲ್ಲ, ಡಿಸ್ಕಿನ ದೇಹದಲ್ಲಿದೆ. ಅದು ನಕಲು ಮಾಡುವುದನ್ನು ತಡೆಯುವುದೂ ಇಲ್ಲ. ನಕಲು ಮಾಡಿದುದು ನಡೆಯದಂತೆ ತಡೆಯುವುದು.

ಮಾರ್ಪಡಿಸಿದ ಯಂತ್ರವೆಂದರೆ ಈ ಪರೀಕ್ಷೆಯನ್ನು ದಾಟಿಸುವ ಯಂತ್ರ. ಒಳಗಿನ ಹಲಗೆಗೆ ಬೆಸುಗೆ ಹಾಕಿದ ಒಂದು ಚಿಕ್ಕ ಬಿಲ್ಲೆಯು ‘ಮುದ್ರೆ ಇದೆಯೇ?’ ಎಂಬ ಪ್ರಶ್ನೆಗೆ ಡಿಸ್ಕಿನ ಪರವಾಗಿ ತಾನೇ ‘ಇದೆ’ ಎಂದು ಉತ್ತರಿಸುವುದು. ಅಥವಾ ಮೆಮೊರಿ ಕಾರ್ಡಿನಲ್ಲಿಟ್ಟ ತಂತ್ರಾಂಶವು ಮೊದಲು ಎಚ್ಚೆತ್ತು, ಡಿಸ್ಕಿನ ಡ್ರೈವನ್ನೇ ಕೇಳದೆ ಆಟವನ್ನು ಬೇರೆ ಸಂಗ್ರಹದಿಂದ ತರುವುದು. ಮೊದಲನೆಯದಕ್ಕೆ ಜನ ‘ಚಿಪ್ಪು’ ಎನ್ನುವರು. ಚಿಪ್ಪೆಂದರೆ ಸುಟ್ಟು ಇದ್ದಿಲು ಮಾಡುವ ವಸ್ತುವೆಂದೇ ತಿಳಿದಿರುವ ನಮ್ಮ ಸೀಮೆಯಲ್ಲಿ ಈ ಮಾತು ಮನೆಯ ಹಿರಿಯರನ್ನು ಸಾಕಷ್ಟು ಗಲಿಬಿಲಿಗೊಳಿಸಿದೆ. ಕೂದಲಿನಂತಹ ತಂತಿಗಳನ್ನು ಬೆಸೆಯುವ ಈ ಕೆಲಸದಲ್ಲಿ 'ಕೈ ತಪ್ಪಿದರೆ' ಯಂತ್ರವೇ ಹೋಗುವುದೆಂಬುದನ್ನೂ ಹೇಳಿಬಿಡಬೇಕು.

ಸಂಗ್ರಹದ ಕಡೆಯೂ ತೊಡಕುಗಳಿವೆ. ದಪ್ಪನೆಯ ಹಳೆಯ ಮಾದರಿಯ ಯಂತ್ರದ ಹಿಂಬದಿಯಲ್ಲಿ ಹಾರ್ಡ್ ಡಿಸ್ಕನ್ನು ಕೂರಿಸಲು ಸ್ಥಳವಿತ್ತು. ಅದಕ್ಕೆ ನೆಟ್‌ವರ್ಕ್ ಅಡಾಪ್ಟರ್ ಎಂಬ ಬಿಡಿಭಾಗ ಬೇಕು. ೨೦೦೪ರಲ್ಲಿ ಬಂದ ತೆಳ್ಳನೆಯ ಮಾದರಿಯಲ್ಲಿ ಆ ಸ್ಥಳವನ್ನೇ ತೆಗೆದುಹಾಕಿದರು. ನಮ್ಮ ಯಂತ್ರ ದಪ್ಪನೆಯದಾದರೂ ಬಿಡಿಭಾಗ ದೊರೆಯಲಿಲ್ಲ. ಪೆನ್ ಡ್ರೈವನ್ನೇ ಬಳಸಬೇಕಾಯಿತು. ಆ ಯಂತ್ರವು ಬಲ್ಲ ಪೆನ್ ಡ್ರೈವಿನ ಕ್ರಮದಲ್ಲಿ ಒಂದು ಕಡತದ ಗಾತ್ರವನ್ನು ೩೨ ಬಿಟ್ಟುಗಳಲ್ಲಿ ಬರೆಯುವುದರಿಂದ ೪,೨೯,೪೯,೬೭,೨೯೫ ಬೈಟುಗಳಿಗಿಂತ ದೊಡ್ಡ ಕಡತ ಸಲ್ಲದು. ನಮ್ಮ ಆಟ ಅದಕ್ಕಿಂತ ತುಸು ದೊಡ್ಡದಾಗಿದ್ದುದರಿಂದ ಕಡತವನ್ನು ತುಂಡು ಮಾಡಿದೆವು. ಕೊನೆಗೆ ಆಟ ನಡೆಯಿತು. ಚೆಂಡು ಬಂದಿತು, ಬ್ಯಾಟು ಬೀಸಿತು. ಆದರೆ ಆಟಗಾರರು ಮೈದಾನಕ್ಕೆ ಇಳಿಯುವ ಚಲಚ್ಚಿತ್ರದ ಭಾಗ ಮಾತ್ರ ಕುಂಟುತ್ತ ಸಾಗಿತು. ಕಾರಣವು ಲೆಕ್ಕದಲ್ಲಿದೆ. ಯಂತ್ರದ ಡಿ.ವಿ.ಡಿ. ಡ್ರೈವು ಸೆಕೆಂಡಿಗೆ ಐದು ಮೆಗಾಬೈಟಿಗೂ ಮಿಗಿಲಾಗಿ ಉಣಿಸಬಲ್ಲದು, ಅದರ ಯು.ಎಸ್.ಬಿ. ಕಿಂಡಿ ಮೊದಲ ತಲೆಮಾರಿನದಾದುದರಿಂದ ಸೆಕೆಂಡಿಗೆ ೧೨ ಮೆಗಾಬಿಟ್, ಎಂದರೆ ಕೈಗೆ ಹತ್ತುವುದು ಸುಮಾರು ಒಂದು ಮೆಗಾಬೈಟ್. ಐದು ಕೊಡ ನೀರು ಕೇಳುವ ಮನೆಗೆ ಒಂದು ಕೊಡದ ನಲ್ಲಿ.

ಇನ್ನು ಕಾನೂನು. ಆಸ್ಟ್ರೇಲಿಯದಲ್ಲಿ ಇಂತಹ ಚಿಪ್ಪುಗಳನ್ನು ಮಾರಿ ಕೂರಿಸಿಕೊಡುತ್ತಿದ್ದ ಸ್ಟೀವನ್ಸ್ ಎಂಬವರ ಮೇಲೆ ಸೋನಿ ಸಂಸ್ಥೆ ಮೊಕದ್ದಮೆ ಹೂಡಿತು. ೨೦೦೫ರ ಅಕ್ಟೋಬರಿನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯವು ಸ್ಟೀವನ್ಸರ ಪರವಾಗಿ ತೀರ್ಪಿತ್ತಿತು. ತೀರ್ಪಿನ ನಡುಗಂಬ ಯಾವುದೆಂದರೆ, ನಾವು ಮೇಲೆ ಭೌತಶಾಸ್ತ್ರದಿಂದ ಕಂಡುಕೊಂಡ ಸಂಗತಿಯೇ. ಈ ಬೀಗವು ನಕಲು ಮಾಡುವುದನ್ನು ತಡೆಯುವುದಿಲ್ಲ, ಆಡುವುದನ್ನು ಮಾತ್ರ ತಡೆಯುವುದು. ಆದುದರಿಂದ ಅಂದಿನ ಕಾನೂನಿನ ಮಾತುಗಳಂತೆ ಅದು ಕೃತಿಸ್ವಾಮ್ಯದ ರಕ್ಷಣೋಪಾಯವಾಗದು. ಮರುವರ್ಷವೇ ಅಲ್ಲಿನ ಸಂಸತ್ತು ಕಾನೂನನ್ನು ತಿದ್ದಿತು. ನಮ್ಮ ದೇಶದಲ್ಲಿ ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೧೯೯೪ರಲ್ಲಿ ಆದ ತಿದ್ದುಪಡಿಯಿಂದ, ಕಂಪ್ಯೂಟರ್ ಕಾರ್ಯಕ್ರಮವೊಂದರ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ನಷ್ಟ, ನಾಶ, ಹಾನಿಗಳಿಂದ ತಾತ್ಕಾಲಿಕ ರಕ್ಷಣೆಗಾಗಿ, ಅದನ್ನು ಕೊಟ್ಟ ಉದ್ದೇಶಕ್ಕಾಗಿಯೇ ಬಳಸಲು, ನಕಲು ಇಟ್ಟುಕೊಳ್ಳಬಹುದು. ೨೦೧೨ರಲ್ಲಿ ಸೇರಿದ ೬೫ಎ ಪ್ರಕರಣವು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವವನಿಗೆ ಎರಡು ವರ್ಷದವರೆಗೆ ಸೆರೆಮನೆಯನ್ನೂ ದಂಡವನ್ನೂ ವಿಧಿಸುವುದು. ‘ಉದ್ದೇಶದಿಂದ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ತನ್ನ ಡಿಸ್ಕಿನ ಪಡಿಯಚ್ಚನ್ನು ತಾನು ಇಟ್ಟುಕೊಳ್ಳುವುದು ಒಂದು. ಗೆಳೆಯನ ಡಿಸ್ಕನ್ನು ಎರವಲು ತಂದು ಪಡಿಯಚ್ಚು ತೆಗೆದು ಹಿಂದಿರುಗಿಸುವುದು ಬೇರೊಂದು. ಎರಡರ ಭೌತಶಾಸ್ತ್ರ ಒಂದೇ ಆದರೂ ನಮ್ಮ ಅಭಿಪ್ರಾಯದಲ್ಲಿ ಎರಡನೆಯದು ಕಳವು. ಚಿಪ್ಪು ಹಾಕಿಸಿದವರಲ್ಲಿ ಬಹುಮಂದಿ ಹಾಕಿಸಿದ್ದು ಎರಡನೆಯದಕ್ಕಾಗಿಯೇ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಬೀಗ ಹಾಕಿದವರ ಪಕ್ಷವನ್ನೂ ಪೂರ್ತಿ ಒಪ್ಪುವಂತಿಲ್ಲ. ೨೦೧೩ರ ಆರಂಭದಲ್ಲಿ ಆ ಯಂತ್ರದ ತಯಾರಿಕೆಯೇ ನಿಂತಿತು. ಡ್ರೈವಿನ ಲೇಸರ್ ಮಂಕಾದ ಯಂತ್ರದಲ್ಲಿ ಅಸಲು ಡಿಸ್ಕೂ ನಡೆಯದು. ಬಾಗಿಲು ಮಾಡುವ ಬಡಗಿ ಹೋದ ಮೇಲೂ ಬೀಗ ಉಳಿದಿದೆ.

ನೇರಳೆ ತಳದ ಎರಡು ಡಿಸ್ಕುಗಳನ್ನೂ ಉಳಿಸಿಕೊಡಬೇಕೆಂದು ವಿದ್ಯಾರ್ಥಿ ಕೇಳಿದನು. ಅವನ ಅಣ್ಣನು ಅವಕ್ಕೂ ಹಣ ಕೊಟ್ಟಿದ್ದನೆಂಬುದು ನಿಜ. ಆದರೆ ಅವು ನ್ಯಾಯವಾದ ಪ್ರತಿಗಳಲ್ಲ. ಕಳವಿನ ನಕಲಿಗೆ ರಕ್ಷಣೆಯ ನಕಲು ಮಾಡಿಕೊಡಲು ನಾವು ಒಪ್ಪಲಿಲ್ಲ. ಅವನು ಸ್ವಲ್ಪ ಹೊತ್ತು ಮುಖ ಸಪ್ಪಗೆ ಮಾಡಿಕೊಂಡಿದ್ದನು. ಕ್ರಿಕೆಟ್ ಡಿಸ್ಕು ಈಗ ಅಟ್ಟದ ಮೇಲಿಲ್ಲ. ಅವರ ಮನೆಯ ಕಬ್ಬಿಣದ ಬೀರುವಿನಲ್ಲಿ, ಬಟ್ಟೆಗಳ ನಡುವೆ, ಡಬ್ಬಿಯೊಳಗೆ ನೆಟ್ಟಗೆ ನಿಂತಿದೆ. ಡಬ್ಬಿಯ ಒಳಹಾಳೆಯಲ್ಲಿ ಪೆನ್ಸಿಲಿನಿಂದ ೩೨ ಅಕ್ಷರಗಳ ತಾಳೆಸಂಖ್ಯೆಯನ್ನು ಬರೆದಿಟ್ಟಿದ್ದಾನೆ. ಹಾರ್ಡ್ ಡಿಸ್ಕೂ ಒಂದು ದಿನ ಕೈಕೊಡುವ ವಸ್ತುವಾದುದರಿಂದ ಪಡಿಯಚ್ಚು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿದೆ. ಆರು ತಿಂಗಳಿಗೊಮ್ಮೆ ತಾಳೆ ನೋಡುವನಂತೆ.

ಸತ್ತ ಎರಡು ಡಿಸ್ಕುಗಳು ನಮ್ಮ ಪ್ರಯೋಗಶಾಲೆಯಲ್ಲಿಯೇ ಉಳಿದುವು. ಬಣ್ಣ ಮಾಸಿದರೂ ಕೊರೆದ ಹಾದಿ ಮಾಸುವುದಿಲ್ಲವಷ್ಟೆ. ೬೫೦ ನ್ಯಾನೋಮೀಟರಿನ ಕೆಂಪು ಲೇಸರನ್ನು ಡಿಸ್ಕಿನ ಮೇಲೆ ನೆಟ್ಟಗೆ ಬೀಳಿಸಿದರೆ, ಹತ್ತಿರ ಹತ್ತಿರದ ಸುತ್ತುಗಳು ವಿವರ್ತನ ಜಾಲರಿಯಂತೆ ವರ್ತಿಸಿ, ಪಕ್ಕಕ್ಕೆ ಇನ್ನೊಂದು ಚುಕ್ಕೆಯನ್ನು ಎಸೆಯುವುವು. ತರಂಗಾಂತರವನ್ನು ಆ ಕೋನದ ಸೈನಿನಿಂದ ಭಾಗಿಸಿದರೆ ಸುತ್ತುಗಳ ಅಂತರ ದೊರೆಯುವುದು. ಸಿ.ಡಿ.ಯಲ್ಲಿ ಈ ಕೋನ ೨೪ ಡಿಗ್ರಿ, ಡಿ.ವಿ.ಡಿ.ಯಲ್ಲಿ ಸುಮಾರು ೬೧ ಡಿಗ್ರಿ. ಮಾಡಿ ನೋಡುವವರು ಕಿರಣವನ್ನಾಗಲಿ ಅದರ ಪ್ರತಿಫಲನವನ್ನಾಗಲಿ ಕಣ್ಣಿಗೆ ತಾಗಲು ಬಿಡಬಾರದು. ಮೊದಲನೆಯ ತಂಡದಲ್ಲಿ ಆ ವಿದ್ಯಾರ್ಥಿಯೇ ಕೋನವನ್ನು ಅಳೆದನು. ಅವನಿಗೆ ಬಂದ ಉತ್ತರ ೦.೭೫ ಮೈಕ್ರೋಮೀಟರ್.